ಡಿಟೆಕ್ಟರ್ ರಾಯರಿಗೆ ಸಿಗದ ಕಾಸು

ಭಾನುವಾರ ಬೆಳಿಗ್ಗೆ ಬೆಂಗಳೂರಿನ ಸಿಂಗಸಂದ್ರದ ಖಾಲಿ ಸೈಟೊಂದರಲ್ಲಿ ಯಾರಾದರೂ ಕಿವಿಗೆ ಹೆಡ್‌ಫೋನ್ ಏರಿಸಿಕೊಂಡು, ತುದಿಯಲ್ಲಿ ತಟ್ಟೆಯಿರುವ ಕೋಲಿನಿಂದ ನೆಲ ಸವರುತ್ತಿದ್ದರೆ, ಅವರು ನೀರಿನ ಪೈಪು ಹುಡುಕುವವರೆಂದು ತಿಳಿಯಬೇಡಿ. ಭಾನುವಾರ ಯಾವ ಇಲಾಖೆಯೂ ನೆಲವನ್ನು ಅಷ್ಟು ಶ್ರದ್ಧೆಯಿಂದ ನೋಡುವುದಿಲ್ಲ. ಆ ಕೋಲು ಮೆಟಲ್ ಡಿಟೆಕ್ಟರ್, ಅವರು ಡಿಟೆಕ್ಟರ್ ರಾಯರು. ವಾರದಲ್ಲಿ ಐದು ದಿನ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೂತು ಬೇರೆಯವರು ಬರೆದ ಕೋಡಿನಲ್ಲಿ ತಪ್ಪು ಹುಡುಕುತ್ತಾರೆ, ಉಳಿದೆರಡು ದಿನ ಬೇರೆಯವರ ಸೈಟಿನಲ್ಲಿ ನಿಧಿ ಹುಡುಕುತ್ತಾರೆ. ಇದಕ್ಕೂ ಮುಂಚೆ ಅವರು ಹಕ್ಕಿಗಳ ಫೋಟೋ ತೆಗೆಯುವವರಾಗಿದ್ದರು. ಅದಕ್ಕೂ ಮುಂಚೆ ನಂದಿ ಬೆಟ್ಟಕ್ಕೆ ಸೈಕಲ್ ತುಳಿಯುವವರು. ಪ್ರತಿ ಹವ್ಯಾಸದಲ್ಲೂ ಸಾಮಾನು ಮೊದಲು ಬರುತ್ತದೆ, ಆಸಕ್ತಿ ಆಮೇಲೆ ಬರುತ್ತದೆ, ಕೆಲವೊಮ್ಮೆ ಬರುವುದೇ ಇಲ್ಲ. ಸಿಕ್ಕಿದ್ದೇನು ಎಂದು ಕೇಳಿದರೆ ಸೊಂಟದ ಚೀಲ ಬಿಚ್ಚಿ ತೋರಿಸುತ್ತಾರೆ: ಬಿಯರ್ ಬಾಟಲಿಯ ಮುಚ್ಚಳಗಳು, ಸೆಂಟ್ರಿಂಗ್ ಕೆಲಸದವರು ಕತ್ತರಿಸಿ ಎಸೆದ ಬೈಂಡಿಂಗ್ ವೈರು, ಪ್ಯಾಂಟಿನ ಒಂದು ಜಿಪ್ಪು, ಮತ್ತು ಕಿರೀಟಪ್ರಾಯವಾಗಿ ಚೌಕಾಕಾರದ ಒಂದು ಅಲ್ಯೂಮಿನಿಯಂ ಐದು ಪೈಸೆ. "ವರಹ ಇದ್ದೇ ಇದೆ ಸಾರ್, ಇನ್ನೂ ಸ್ವಲ್ಪ ಆಳಕ್ಕೆ ಹೋಗಬೇಕು" ಎನ್ನುತ್ತಾರೆ.

ತೊಡಕಿರುವುದು ಆಳದಲ್ಲಲ್ಲ, ರಾಯರ ತರ್ಕದಲ್ಲಿ. ಒಂದು ಕಾಲದಲ್ಲಿ ಜನರ ಕೈಯಲ್ಲಿ ಓಡಾಡಿದ ನಾಣ್ಯವೆಲ್ಲ ನೆಲದೊಳಗೂ ಒಂದಿಷ್ಟು ಉಳಿದಿರಲೇಬೇಕೆಂದು ಅವರು ನಂಬಿದ್ದಾರೆ. ನೆಲದಲ್ಲಿ ಉಳಿಯುವುದು ಕೈಯಲ್ಲಿದ್ದದ್ದಲ್ಲ. ಕೈತಪ್ಪಿ ಬಿದ್ದು, ಬಗ್ಗಿ ಹುಡುಕುವಷ್ಟು ಬೆಲೆ ಬಾಳದೆ ಹೋದದ್ದು. ಐದು ಪೈಸೆ ಬಿದ್ದರೆ ಮುಂದಕ್ಕೆ ನಡೆದುಬಿಡುತ್ತಿದ್ದರು. ಚಿನ್ನದ ವರಹ ಬಿದ್ದರೆ ಮನೆಮಂದಿಯೆಲ್ಲ ದೀಪ ಹಿಡಿದು ಬಂದು, ಸಿಗುವವರೆಗೆ ಊಟ ಮಾಡುತ್ತಿರಲಿಲ್ಲ. ಹೀಗೆ ನಮ್ಮ ಹಿರಿಯರು ಬೀಳಲು ಬಿಡದೇ ಇದ್ದದ್ದನ್ನೇ ರಾಯರು ಹುಡುಕುತ್ತಿದ್ದಾರೆ.

ಹಿರಿಯರು ಬೀಳಲು ಬಿಟ್ಟದ್ದನ್ನು ಹುಡುಕಬಾರದೇ ಎಂದರೆ, ಅದಕ್ಕೂ ರಾಯರು ತಾವೇ ಅಡ್ಡಗಾಲು ಹಾಕಿದ್ದಾರೆ. ಮೊಳೆ, ತಂತಿಗಳ ಕಾಟ ತಡೆಯಲಾರದೆ ಯಂತ್ರವು ಕಬ್ಬಿಣಕ್ಕೆ ಕಿವಿಗೊಡದಂತೆ ತಿರುಗಿಸಿಟ್ಟಿದ್ದಾರೆ. 1988ರಿಂದ ನಮ್ಮ ಸರ್ಕಾರ ಹತ್ತು, ಇಪ್ಪತ್ತೈದು, ಐವತ್ತು ಪೈಸೆಗಳನ್ನು ಸ್ಟೀಲಿನಲ್ಲಿ ಅಚ್ಚು ಹಾಕಲು ಶುರು ಮಾಡಿತು. 1992ರಲ್ಲಿ ಒಂದು ರೂಪಾಯಿಯೂ ಆ ದಾರಿ ಹಿಡಿಯಿತು. ಅಡುಗೆಮನೆಯ ಪಾತ್ರೆಗಳಿಗೆ ಹೆಚ್ಚಾಗಿ ಬಳಸುವಂಥದ್ದಲ್ಲ, ಅಯಸ್ಕಾಂತಕ್ಕೆ ಟಪ್ಪನೆ ಅಂಟುವ ಜಾತಿಯ ಸ್ಟೀಲು ಅದು. ನೂರಕ್ಕೆ ಎಂಬತ್ಮೂರು ಪಾಲು ಕಬ್ಬಿಣ, ಉಳಿದದ್ದು ಕ್ರೋಮಿಯಂ. ರಾಯರ ಯಂತ್ರಕ್ಕೆ ಅದೂ ಒಂದೇ, ಮೊಳೆಯೂ ಒಂದೇ. ಹೊಸೂರು ರಸ್ತೆಯ ಬಸ್ ನಿಲ್ದಾಣಗಳಲ್ಲಿ ಕಂಡಕ್ಟರರ ಕೈಯಿಂದ ಜಾರಿದ ಚಿಲ್ಲರೆಯ ಮೇಲೆಯೇ ಅವರು ನಡೆದುಹೋಗುತ್ತಾರೆ, ಹೆಡ್‌ಫೋನಿನಲ್ಲಿ ಪರಮಶಾಂತಿ. 2011ರಲ್ಲಿ ಇಪ್ಪತ್ತೈದು ಪೈಸೆ ಚಲಾವಣೆ ಕಳೆದುಕೊಂಡಿತು. ರಾಯರ ಮಟ್ಟಿಗೆ ಅದು ಎಂದೂ ಚಲಾವಣೆಯಲ್ಲಿರಲೇ ಇಲ್ಲ.

ಇನ್ನು ಚಿನ್ನಕ್ಕೆ ಬರೋಣ. ರಾಯರ ಮನಸ್ಸೆಲ್ಲ ಅಲ್ಲೇ. ಮೈಸೂರಿನ ಕಂಠೀರವ ನರಸರಾಜ ಒಡೆಯರು 1638ರಿಂದ 1659ರವರೆಗೆ ಆಳಿದವರು. ನರಸಿಂಹನ ಮುದ್ರೆಯ ಅವರ 'ಕಂಠೀರಾಯಿ ಹಣ'ವೆಂಬ ಚಿನ್ನದ ನಾಣ್ಯ ಅವರು ಹೋದ ಮೇಲೂ ಬಹುಕಾಲ ಓಡಿತು. ನಾಣ್ಯವೆಂದರೆ ರೂಪಾಯಿಯಷ್ಟಗಲ ಎಂದುಕೊಳ್ಳಬೇಡಿ. ಮೂರನೇ ಒಂದು ಗ್ರಾಮಿಗಿಂತ ತುಸು ಹೆಚ್ಚಿನ ತೂಕ, ತೊಗರಿಕಾಳಿನಷ್ಟು ಅಗಲ. ಅಷ್ಟು ಚಿಕ್ಕ ಬಂಗಾರ ಯಂತ್ರದಲ್ಲಿ ಎಬ್ಬಿಸುವ ಸದ್ದು ಸಿಗರೇಟು ಪ್ಯಾಕಿನೊಳಗಿನ ಬೆಳ್ಳಿಕಾಗದದ ಸದ್ದಿನ ಪಕ್ಕದಲ್ಲೇ ಬೀಳುತ್ತದೆ. ಬೆಳ್ಳಿಕಾಗದ ಬೇಡವೆಂದು ಗುಂಡಿ ತಿರುಗಿಸಿದವರಿಗೆ ನರಸಿಂಹನೂ ಬೇಡವಾದಂತೆಯೇ. ಬೇಕೆಂದು ತಿರುಗಿಸಿದರೆ ಸಿಂಗಸಂದ್ರದ ಬೀಡಾ ಅಂಗಡಿಗಳ ಚರಿತ್ರೆಯನ್ನೆಲ್ಲ ಅಗೆದು ತೆಗೆಯಬೇಕು. ಸಾಲದ್ದಕ್ಕೆ ನಮ್ಮಲ್ಲಿ ಬಂಗಾರದ ಕಾಸು ನೆಲಕ್ಕೆ ಬೀಳುವುದಕ್ಕೆ ದಾರಿಗಳೇ ಕಡಿಮೆ. ಅಜ್ಜಿಯಂದಿರು ಅದನ್ನು ಕಾಸಿನ ಸರ ಮಾಡಿ ಕೊರಳಿಗೆ ಹಾಕಿಕೊಂಡರು. ಹರಕೆ ಹೊತ್ತವರು ಅರಿಶಿನದ ಬಟ್ಟೆಯಲ್ಲಿ ಮುಡಿಪು ಕಟ್ಟಿ ಹುಂಡಿಗೆ ಹಾಕಿದರು. ಕಷ್ಟ ಬಂದಾಗ ಅಕ್ಕಸಾಲಿಗರ ಮೂಸೆಗೆ ಹೋಗಿ ಮಗಳ ಓಲೆಯಾಗಿ ಹೊರಬಂತು. ಬೆಳ್ಳಿಯ ರೂಪಾಯಿಗಳ ಕಥೆಯೂ ಇದೇ. 1939ರವರೆಗಿನವು ಬಹುಪಾಲು ಬೆಳ್ಳಿ, 1940ರಿಂದ ಅರ್ಧ ಬೆಳ್ಳಿ ಎಂದು ತಿಳಿದವರು ಹಳೆಯದನ್ನು ಪೆಟ್ಟಿಗೆಯಲ್ಲಿಟ್ಟು ಹೊಸದನ್ನು ಸಂತೆಗೆ ಒಯ್ದರು. 1968ರ ಸುಮಾರಿಗೆ ಬಂದ, ತಾವರೆ ಚಿತ್ರದ ಹಳದಿ ಇಪ್ಪತ್ತು ಪೈಸೆಯಂತೂ ಎಷ್ಟೋ ಮನೆಗಳಲ್ಲಿ ಲಕ್ಷ್ಮಿಯ ಪಕ್ಕ ಹೋಗಿ ಕೂತಿತು. ರಾಯರ ತಾಯಿಯ ಪೂಜಾ ಡಬ್ಬಿಯ ಮೇಲೆ ಆ ತಟ್ಟೆಯನ್ನು ಒಮ್ಮೆ ಆಡಿಸಿದ್ದರೆ ಇಷ್ಟು ಬಿಸಿಲು ತಿನ್ನಬೇಕಿರಲಿಲ್ಲ.

ರಾಯರು ಇಷ್ಟಕ್ಕೆ ಸೋಲುವವರಲ್ಲ. "1891ರಲ್ಲಿ ಯಶವಂತಪುರದಲ್ಲಿ ರೋಮನ್ ಬೆಳ್ಳಿ ನಾಣ್ಯ ಸಿಗಲಿಲ್ಲವೇ? 1965ರಲ್ಲಿ ಎಚ್‌ಎಎಲ್ ಹತ್ತಿರ ಸಿಗಲಿಲ್ಲವೇ?" ಎಂದು ಕೇಳುತ್ತಾರೆ. ಸಿಕ್ಕಿದ್ದು ನಿಜ. ಯಶವಂತಪುರದಲ್ಲೇ 163, ಅಗಸ್ಟಸ್, ಟೈಬೀರಿಯಸ್‌ ಮೊದಲಾದ ಚಕ್ರವರ್ತಿಗಳ ಕಾಲದವು. ಆದರೆ 163 ನಾಣ್ಯಗಳು ಯಾರ ಜೇಬಿನ ತೂತಿನಿಂದಲೂ ಒಂದೇ ಕಡೆ ಉದುರುವುದಿಲ್ಲ. ಯಾರೋ ಬೇಕೆಂದೇ ಹೂತಿಟ್ಟರು, ವಾಪಸ್ ಬರಲಾಗಲಿಲ್ಲ. ಹೂತಿಡುವವನು ನಾಯಿ ಕೆದರಿದರೆ ಸಿಗುವಷ್ಟು ಮೇಲೆ ಇಡುವುದಿಲ್ಲ; ರಾಯರ ದರ್ಜೆಯ ಯಂತ್ರವೋ ಒಂಟಿ ನಾಣ್ಯವನ್ನು ಒಂದು ಗೇಣಿನಾಚೆ ಗುರುತಿಸಲು ತಿಣುಕುತ್ತದೆ. ಅದಕ್ಕೇ ಯಶವಂತಪುರದ ನಿಧಿ ಹೊರಬಂದದ್ದು ರೈಲು ಕಾಮಗಾರಿಯವರ ಗುದ್ದಲಿಗೆ. ಆ ಲೆಕ್ಕದಲ್ಲಿ ನಾಣ್ಯಶಾಸ್ತ್ರಕ್ಕೆ ಸೇವೆ ಸಲ್ಲಿಸಬೇಕೆಂದರೆ ಜೆಸಿಬಿ ಓಡಿಸುವುದು ಕಲಿಯಬೇಕು.

"ಇಂಗ್ಲೆಂಡಿನಲ್ಲಿ ವಾರವಾರ ಸಿಗುತ್ತದಲ್ಲ" ಎನ್ನುವುದು ಅವರ ಕೊನೆಯ ಬಾಣ. ಇದು ಗಟ್ಟಿ ಆಕ್ಷೇಪಣೆ. 1992ರಲ್ಲಿ ಅಲ್ಲಿನ ಹಾಕ್ಸ್‌ನ್ ಎಂಬ ಹಳ್ಳಿಯಲ್ಲಿ, ಗೆಳೆಯ ಕಳೆದುಕೊಂಡ ಸುತ್ತಿಗೆ ಹುಡುಕಲು ಡಿಟೆಕ್ಟರ್ ಹಿಡಿದು ಹೋದವನಿಗೆ ರೋಮನ್ ಕಾಲದ ಹದಿನಾಲ್ಕು ಸಾವಿರಕ್ಕೂ ಹೆಚ್ಚು ಚಿನ್ನ, ಬೆಳ್ಳಿ ನಾಣ್ಯಗಳು ಸಿಕ್ಕವು. ಆಮೇಲೆ ಸುತ್ತಿಗೆಯೂ ಸಿಕ್ಕಿತು. ಅದೂ ಬ್ರಿಟಿಷ್ ಮ್ಯೂಸಿಯಂ ಸೇರಿತು. ಆದರೆ ಅಲ್ಲಿ ಹುಡುಕುವುದು ನೂರಾರು ವರ್ಷ ಉತ್ತಿದ ಹೊಲಗಳಲ್ಲಿ, ನೇಗಿಲು ಮೇಲೆ ತಂದ ಮಣ್ಣಿನಲ್ಲಿ. ಸಿಂಗಸಂದ್ರವೂ ರಾಗಿ ಬೆಳೆದ ಸೀಮೆಯೇ. ಕೂಗಳತೆಯ ಬೇಗೂರಿನಲ್ಲಿ 'ಬೆಂಗಳೂರು' ಹೆಸರಿರುವ ಒಂಬತ್ತನೇ ಶತಮಾನದ ಶಾಸನವೇ ಇದೆ. ಊರು ಹಳೆಯದೆಂದ ಮಾತ್ರಕ್ಕೆ ಹೊಲಕ್ಕೆ ಕಾಸು ಬಂತೆಂದು ಅರ್ಥವಲ್ಲ. ನಮ್ಮ ಹಳ್ಳಿಗಳಲ್ಲಿ ಕೂಲಿ ಕಾಳಿನಲ್ಲಿ ಸಲ್ಲುತ್ತಿತ್ತು. ಕಮ್ಮಾರ, ಕುಂಬಾರ, ಅಗಸರಿಗೆ ಕಣದಲ್ಲೇ ಆಯ ಅಳೆದು ಕೊಡುತ್ತಿದ್ದರು. ಅಲ್ಲಿ ಉದುರಿದ್ದು ರಾಗಿ. ಅದನ್ನು ಗುಬ್ಬಚ್ಚಿ ತಿಂದಿತು. ಸಂತೆ, ಜಾತ್ರೆ, ಕೋಟೆಗಳ ಆಸುಪಾಸಿನಲ್ಲಿ ಟಿಪ್ಪುವಿನ ಆನೆ ಮುದ್ರೆಯ ತಾಮ್ರದ ಕಾಸು ಬಿದ್ದಿದ್ದೀತು, ಇಷ್ಟನ್ನು ರಾಯರಿಗೆ ಬಿಟ್ಟುಕೊಡಬೇಕು. ಸಿಂಗಸಂದ್ರದ ಸೈಟುಗಳಲ್ಲಿ ಮಾತ್ರ ಮೇಲಿನ ಮಣ್ಣು ಈ ಊರಿನದೆಂದು ಹೇಳುವ ಧೈರ್ಯ ಯಾರಿಗೂ ಇಲ್ಲ: ಯಾವುದೋ ಬಡಾವಣೆಯ ಒಡೆದ ಗೋಡೆ, ಯಾವುದೋ ನೆಲಮಾಳಿಗೆಯ ಕೆಮ್ಮಣ್ಣು ಲಾರಿಯಲ್ಲಿ ಬಂದು ಬಿದ್ದದ್ದು. ಅಲ್ಲಿ ವರಹ ಸಿಕ್ಕರೂ ಅದು ವಲಸೆ ಬಂದದ್ದೇ, ರಾಯರ ಹಾಗೆ.

ಸಿಕ್ಕಿತೆಂದೇ ಇಟ್ಟುಕೊಳ್ಳೋಣ. ಆಗ ಕಾನೂನು ಎದುರಾಗುತ್ತದೆ. 1878ರ ನಿಧಿ ಕಾಯ್ದೆಯಂತೆ ನೆಲದಲ್ಲಿ ಹುದುಗಿದ್ದ, ಹತ್ತು ರೂಪಾಯಿಗೆ ಮೀರಿದ ವಸ್ತು ಸಿಕ್ಕವರು ಕಲೆಕ್ಟರಿಗೆ ತಿಳಿಸಬೇಕಿತ್ತು. ಆ ಹತ್ತು ರೂಪಾಯಿಯ ಅಳತೆಗೋಲು ಹಿಡಿದರೆ, 2020ರಲ್ಲಿ ಬಂದ ಹನ್ನೆರಡು ಮೂಲೆಯ ಇಪ್ಪತ್ತು ರೂಪಾಯಿ ನಾಣ್ಯವನ್ನು ಯಾರೋ ಹುಡುಗ ಆಟಕ್ಕೆ ಹೂತಿಟ್ಟಿದ್ದರೂ ಅದು ಜಿಲ್ಲಾಧಿಕಾರಿಗಳ ಕಡತಕ್ಕೆ ಯೋಗ್ಯ ವಸ್ತು.

ಯಾವ ಯಂತ್ರಕ್ಕೂ ಎಂದೆಂದಿಗೂ ಸಿಗದ ನಾಣ್ಯವೊಂದು ಉಳಿಯಿತು. ಹತ್ತು ಕಂಠೀರಾಯಿ ಹಣ ಸೇರಿದರೆ ಒಂದು ಕಂಠೀರಾಯಿ ವರಹ. ಆದರೆ ಆ ವರಹ ಟಂಕಸಾಲೆಯಲ್ಲಿ ಹುಟ್ಟಿದ್ದೇ ಇಲ್ಲ. ಶಾನುಭೋಗರ ಕಡತದಲ್ಲಿ ಮಾತ್ರ ಇತ್ತು. ಅದರಲ್ಲಿ ಕಂದಾಯ ಲೆಕ್ಕ ಹಾಕಬಹುದಿತ್ತು, ಸಾಲ ಬರೆಯಬಹುದಿತ್ತು, ಕೈಯಲ್ಲಿ ಹಿಡಿಯುವಂತಿರಲಿಲ್ಲ. ಈಗ ಸಿಂಗಸಂದ್ರದಲ್ಲಿ ಓಡುತ್ತಿರುವುದು ಬಹುಮಟ್ಟಿಗೆ ಅದೇ ಜಾತಿಯ ದುಡ್ಡು. ಟೀ ಅಂಗಡಿಯಲ್ಲಿ ಫೋನು ತೋರಿಸಿ ಹತ್ತು ರೂಪಾಯಿ ಕೊಡುತ್ತಾರೆ, ಹೂವಿನವಳಿಗೂ ಹಾಗೆಯೇ; ನೆಲಕ್ಕೆ ಬೀಳಲು ಏನೂ ಇಲ್ಲ. ರಾಯರ ಸಂಬಳವೂ ತಿಂಗಳಿಗೊಮ್ಮೆ ಕಂಠೀರಾಯಿ ವರಹವಾಗಿಯೇ ಬಂದು, ಕಡತದಲ್ಲೇ ಒಂದು ಸುತ್ತು ಸುತ್ತಿ, ಇಎಂಐಗಳಿಗೆ ಹೋಗುತ್ತದೆ: ಫ್ಲ್ಯಾಟಿನದು, ಕಾರಿನದು, ಕ್ಯಾಮೆರಾದ್ದು, ಸೈಕಲ್ಲಿನದು, ಡಿಟೆಕ್ಟರಿನದು.