ಎಲ್ಲಿದೆಯೋ ಅಲ್ಲಿ, ಹೇಗಿದೆಯೋ ಹಾಗೆ

ಕನ್ನಡದಲ್ಲಿ ‘ಒಕ್ಕಲು’ ಎಂಬ ಶಬ್ದಕ್ಕಿರುವಷ್ಟು ದಾಕ್ಷಿಣ್ಯಸ್ವಭಾವ ಮತ್ತೊಂದು ಶಬ್ದಕ್ಕಿರಲಾರದು. ಹೊಸ ಮನೆಯಲ್ಲಿ ಹಾಲುಕ್ಕಿಸಿ ನೆಲೆಗೊಳ್ಳುವ ಮಂಗಳಕಾರ್ಯವನ್ನು ನಮ್ಮ ಅಜ್ಜಿಯಂದಿರು ಮನೆಯೊಕ್ಕಲು ಎಂದರು; ಇದ್ದ ಮನೆಯಿಂದ ಪಾತ್ರೆಪರಟೆಗಳೊಡನೆ ಬೀದಿಗಿಳಿಸುವ ಅಮಂಗಳಕಾರ್ಯವನ್ನು ಅದೇ ಅಜ್ಜಿಯಂದಿರು ಒಕ್ಕಲೆಬ್ಬಿಸುವುದು ಎಂದರು. ಇವೆರಡೂ ಬೇರೆ ಬೇರೆ ಮನೆಗಳಲ್ಲಿ ಬೇರೆ ಬೇರೆ ಜನರ ಪಾಲಿಗೆ ಬರುವ ಪ್ರಸಂಗಗಳೆಂದೇ ನಾನು ನಂಬಿದ್ದೆ. ಎರಡನ್ನೂ ಒಂದೇ ಮನೆಯಲ್ಲಿ, ಒಂದೇ ವರ್ಷದಲ್ಲಿ, ನಾನೇ ಯಜಮಾನನಾಗಿ ನಿಂತು ನೆರವೇರಿಸತಕ್ಕ ಯೋಗವೊಂದು ನನ್ನ ಜಾತಕದಲ್ಲಿದ್ದುದು ನಿವೃತ್ತನಾದ ಮೇಲೆ ತಿಳಿಯಿತು.

ಮೈಸೂರಿನಲ್ಲಿ 27 ವರ್ಷ ಬಾಡಿಗೆಯ ಮನೆಯಲ್ಲಿ ಕಳೆದ ಮೇಷ್ಟರಿಗೆ ಸ್ವಂತ ಮನೆಯ ಆಸೆಯೆಂಬುದು, ಸಂನ್ಯಾಸಿಗೆ ಮಠದ ಆಸೆಯಿದ್ದಂತೆ, ಹೊರಗೆ ಹೇಳಿಕೊಳ್ಳುವಂಥದಲ್ಲ, ಒಳಗೆ ಬಿಡುವಂಥದೂ ಅಲ್ಲ. ನಿವೃತ್ತಿಯ ಗಂಟು ಕೈಗೆ ಬಂದ ಹೊಸದರಲ್ಲಿ, ಒಂದು ಬೆಳಗ್ಗೆ, ವೃತ್ತಪತ್ರಿಕೆಯ ಒಳಪುಟದಲ್ಲಿ ಇರುವೆಸಾಲಿನಂಥ ಅಕ್ಷರಗಳಲ್ಲಿ, ಹುಣಸೂರಿನ ಮನೆಯೊಂದನ್ನು ಬ್ಯಾಂಕೊಂದು ಸಾಲದ ಬಾಬ್ತು ಹರಾಜು ಹಾಕುವ ಪ್ರಕಟಣೆ ಕಣ್ಣಿಗೆ ಬಿತ್ತು. ಮೂವತ್ತು ನಲವತ್ತರ ನಿವೇಶನ, ಮಂಗಳೂರು ಹೆಂಚಿನ ಮನೆ, ಹಿತ್ತಿಲು. ಚೆಕ್ಕುಬಂದಿಯೂ ಲಕ್ಷಣವಾಗಿತ್ತು: ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಓಣಿ, ಉತ್ತರ ದಕ್ಷಿಣಗಳಲ್ಲಿ ಪರರ ಸ್ವತ್ತು. ಕಟ್ಟಕಡೆಯ ಪಂಕ್ತಿಯಲ್ಲಿ, ಸದರಿ ಸ್ವತ್ತನ್ನು ‘ಎಲ್ಲಿದೆಯೋ ಅಲ್ಲಿ, ಹೇಗಿದೆಯೋ ಹಾಗೆ, ಏನಿದೆಯೋ ಅದೆಲ್ಲ’ ಎಂಬ ಆಧಾರದ ಮೇಲೆ ಮಾರಲಾಗುವುದು ಎಂದಿತ್ತು. ಮನೆಯೆಂಬುದು ಎಲ್ಲಿದೆಯೋ ಅಲ್ಲಿಯೇ ಇರತಕ್ಕದ್ದಷ್ಟೆ. ಇದೇನೋ ಬ್ಯಾಂಕಿನವರ ಕವಿಸಮಯವಿರಬೇಕೆಂದು ಬಗೆದು ದಾಟಿಬಿಟ್ಟೆ. ‘ಏನಿದೆಯೋ ಅದೆಲ್ಲ’ ಎಂಬ ಆ ಎರಡು ಪದಗಳೊಳಗೆ ಗಂಡ, ಹೆಂಡತಿ, ತುಂಬು ಬಸುರಿಯಾದ ಮಗಳು, ಎಂಬತ್ತು ದಾಟಿದ ಮುದುಕಿ ಮತ್ತು ಗೌರಿಯೆಂಬ ಹಸು ಅಡಗಿರುವರೆಂದು ಯಾವ ವ್ಯಾಖ್ಯಾನಕಾರನೂ ಎಚ್ಚರಿಸಿರಲಿಲ್ಲ.

ಈಗಿನ ಹರಾಜಿನಲ್ಲಿ ‘ಒಂದು ಸಾರಿ, ಎರಡು ಸಾರಿ’ ಎಂಬ ಕೂಗೂ ಇಲ್ಲ, ಜನಜಂಗುಳಿಯೂ ಇಲ್ಲ. ನನ್ನ ಮಗ ಕಂಪ್ಯೂಟರಿನ ಮುಂದೆ ಕುಳಿತು ನಾಲ್ಕು ಬಾರಿ ಗುಂಡಿಯೊತ್ತಿದ, ಮನೆ ನನ್ನದಾಯಿತು. 2002ರಲ್ಲಿ ಬಂದ ಸರ್ಫೇಸಿ ಎಂಬ ಕಾಯಿದೆಯ ನಿಯಮದಂತೆ ಮರುದಿನದೊಳಗೆ ನಾಲ್ಕನೆಯ ಒಂದು ಪಾಲನ್ನೂ, ಹರಾಜು ಸ್ಥಿರಪಟ್ಟ 15 ದಿನಗಳೊಳಗೆ ಉಳಿದುದನ್ನೂ ಕಟ್ಟಿ, ವಿಕ್ರಯಪ್ರಮಾಣಪತ್ರವನ್ನು ಎದೆಗೊತ್ತಿಕೊಂಡು, “ಇನ್ನು ಬೀಗದ ಕೈ ಕೊಡಿಸಿ” ಎಂದು ಕೇಳಲಾಗಿ, ಅಧಿಕಾರಿ ಮಹಾಶಯರು ಕನ್ನಡಕ ಒರೆಸುತ್ತ, “ಸಾಂಕೇತಿಕ ಸ್ವಾಧೀನ ಆಗಿದೆ ಸಾರ್. ಭೌತಿಕ ಸ್ವಾಧೀನ ಆಗಿಲ್ಲ” ಎಂದರು.

ಅದ್ವೈತದ ಮರ್ಮ ನನಗೆ ಗೋಚರವಾದುದು ಆ ಗಳಿಗೆಯಲ್ಲಿ. ಪಾರಮಾರ್ಥಿಕ ಸತ್ಯದಲ್ಲಿ ಆ ಮನೆ ನನ್ನದು. ವ್ಯಾವಹಾರಿಕ ಸತ್ಯದಲ್ಲಿ ಅಲ್ಲಿ ಒಲೆ ಹಚ್ಚುತ್ತಿರುವವನದು. ನಡುವೆ ಇರುವುದು ಮಾಯೆ. ಅದರ ನಿವಾರಣೆಗೆ ಬೇಕಾದುದು ಜ್ಞಾನವಲ್ಲ, ವಕೀಲರು.

ವಕೀಲರ ಬಳಿಗೆ ಹೋಗುವ ಮುನ್ನ ನನ್ನ ಸೊತ್ತಿನ ಮುಖದರ್ಶನವನ್ನಾದರೂ ಮಾಡೋಣವೆಂದು ಮೈಸೂರಿನಿಂದ 45 ಕಿಲೋಮೀಟರ್ ಬಸ್ಸಿನಲ್ಲಿ ಕುಳಿತು ಹುಣಸೂರಿಗೆ ಹೋದೆ. ಜಗುಲಿಯ ಮೇಲೆ ಸುಮಾರು ಐವತ್ತೈದರ ಗೃಹಸ್ಥನೊಬ್ಬ ಹಗ್ಗ ಹೊಸೆಯುತ್ತಿದ್ದ. “ಈ ಮನೆಯನ್ನು ನಾನು ಕೊಂಡಿದ್ದೇನೆ” ಎಂಬ ವಾಕ್ಯವನ್ನು ದಾರಿಯುದ್ದಕ್ಕೂ ಉರುಹೊಡೆದುಕೊಂಡು ಹೋಗಿದ್ದವನು, ಬಾಗಿಲಲ್ಲಿ ನಿಂತಾಗ “ಒಂದು ಲೋಟ ನೀರು ಸಿಕ್ಕೀತೇ” ಎಂದುಬಿಟ್ಟೆ. ಆತನ ಹೆಂಡತಿ ನೀರಿನ ಜೊತೆಗೆ ಬೆಲ್ಲವನ್ನೂ ತಂದಿಟ್ಟಳು. ಬೆಲ್ಲ ಬಾಯಲ್ಲಿರುವಾಗ ಮನೆ ಬಿಡಿರೆಂದು ಹೇಳುವುದು ಹೇಗೆ? ಕರಗುವವರೆಗೆ ಕಾದು, ವಿಷಯ ತಿಳಿಸಿದೆ.

ಆತ ಸಿಟ್ಟಾಗಲಿಲ್ಲ. ಹಗ್ಗವನ್ನು ಬದಿಗಿಟ್ಟು ನನ್ನನ್ನು ಕನಿಕರದಿಂದ ನೋಡಿದ. ಆತ ವರ್ಷಗಟ್ಟಲೆ ಹೊಗೆಸೊಪ್ಪಿನ ಬ್ಯಾರನ್‌ಗಳಲ್ಲಿ ಬೆಂಕಿ ಕಾದವನು, ಕಟ್ಟೆಮಳಲವಾಡಿಯ ಹರಾಜು ಕಟ್ಟೆಯಲ್ಲಿ ಬೇಲ್ ಹೊತ್ತವನು. ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಗಳ ಸೀಮೆಯಲ್ಲಿ ಹರಾಜು ಎಂದರೆ ಹೊಗೆಸೊಪ್ಪಿನ ಹರಾಜೇ. ತಂಬಾಕು ಮಂಡಳಿ 1984ರಲ್ಲಿ ಕರ್ನಾಟಕದಲ್ಲಿ ಅದನ್ನು ಆರಂಭಿಸಿದಂದಿನಿಂದ ಇಲ್ಲಿನ ಮಕ್ಕಳಿಗೂ ಅದರ ಪರಿಭಾಷೆ ಬಾಯಿಪಾಠ.

“ಅಲ್ಲಾ ಬುದ್ಧೀ,” ಎಂದ ಆತ, “ಒಂದು ಬೇಲು ತಗೊಳ್ಳೋನು ಒಳಗಿಂದ ಎಲೆ ಹಿರಿದು, ಬೆಳಕಿಗೆ ಹಿಡಿದು, ಮೂಸಿ ನೋಡಿ ಆಮ್ಯಾಕೆ ರೇಟು ಕೂಗ್ತಾನೆ. ನೀವು ಇಷ್ಟು ದೊಡ್ಡ ಮನೇನ ಮೂಸಿ ನೋಡ್ದೆ ತಗೊಂಡ್ರಾ?”

ಮೂವತ್ತು ವರ್ಷ ಮಕ್ಕಳಿಗೆ ಪ್ರಶ್ನೆ ಕೇಳಿದ ನನಗೆ ಉತ್ತರ ಹೊಳೆಯದಿದ್ದುದು ಅದೇ ಮೊದಲು.

ವಕೀಲರಿಗೆ ಉತ್ತರದ ದಾರಿದ್ರ್ಯವಿರಲಿಲ್ಲ. ಬ್ಯಾಂಕಿನವರು ಕಾಯಿದೆಯ 14ನೆಯ ಪ್ರಕರಣದಂತೆ ಜಿಲ್ಲಾ ದಂಡಾಧಿಕಾರಿಗಳಿಗೆ ಅರ್ಜಿ ಹಾಕಬಹುದು. ಅವರು 30 ದಿನಗಳಲ್ಲಿ, ಹೆಚ್ಚೆಂದರೆ 60 ದಿನಗಳಲ್ಲಿ, ಆಜ್ಞೆ ಹೊರಡಿಸತಕ್ಕದ್ದು. ಪೊಲೀಸರೊಡನೆ ಬಂದು ಖಾಲಿ ಮಾಡಿಸತಕ್ಕದ್ದು. ಆದರೆ ಅಡಮಾನಕ್ಕೆ ಮೊದಲೇ ಸಕ್ರಮವಾಗಿ ಗೇಣಿಗೆ ಬಂದವನಾದರೆ ಅವಧಿ ಮುಗಿಯುವ ತನಕ ಅವನನ್ನು ಅಲುಗಿಸಲಾಗದೆಂದು ಸರ್ವೋಚ್ಚ ನ್ಯಾಯಾಲಯವು 2014ರಲ್ಲಿಯೇ ಹೇಳಿದೆ. “ಇದು ಸಿವಿಲ್ ಕೋರ್ಟಿನ ಹರಾಜಾಗಿದ್ದರೆ ಇನ್ನೂ ಸೊಗಸಿತ್ತು” ಎಂದು ಅವರು ಕಪಾಟಿನಿಂದ 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯನ್ನು ಇಳಿಸಿ, 21ನೆಯ ಆದೇಶದ 96ನೆಯ ನಿಯಮವನ್ನು ವಿವರಿಸಿದರು. ಬಾಡಿಗೆದಾರನಿರುವ ಮನೆ ಹರಾಜಾದರೆ, ಪ್ರಮಾಣಪತ್ರದ ನಕಲನ್ನು ಎದ್ದು ಕಾಣುವ ಜಾಗದಲ್ಲಿ ಅಂಟಿಸಿ, ತಮಟೆ ಬಡಿಸಿ, ಒಡೆತನ ಕೈಬದಲಿಸಿತೆಂದು ಒಳಗಿರುವವನಿಗೆ ಸಾರಬೇಕಂತೆ.

“ತಮಟೆ ಬಡಿದ ಮೇಲೆ ಅವನು ಹೊರಗೆ ಬರುತ್ತಾನೆಯೇ?”

“ತಮಟೆ ಕೇಳಲು ಬರುತ್ತಾನೆ. ಮುಗಿದ ಮೇಲೆ ಒಳಗೆ ಹೋಗುತ್ತಾನೆ. ಅದೂ ಸಾಂಕೇತಿಕವೇ.”

ನಾನು ತಮಟೆಯ ಆಸೆಯನ್ನು ಬಿಟ್ಟು, ಹದಿನೈದು ದಿನಗಳಿಗೊಮ್ಮೆ ಹುಣಸೂರಿನ ಬಸ್ಸು ಹತ್ತತೊಡಗಿದೆ. ಕಾಯಿದೆಗಿಂತಲೂ ಪ್ರಬಲವಾದ ಇನ್ನೊಂದು ಗ್ರಂಥ ನಮ್ಮ ನಾಡಿನಲ್ಲಿದೆಯೆಂದೂ, ಗೋಡೆಯ ಮೊಳೆಗೆ ನೇತುಹಾಕಿದ ಅದರ ಹೆಸರು ಪಂಚಾಂಗವೆಂದೂ ಆಗ ವೇದ್ಯವಾಯಿತು. ನಾನು ಮೊದಲು ಹೋದದ್ದು ಆಷಾಢದಲ್ಲಿ. ಆಷಾಢದಲ್ಲಿ ಯಾರು ತಾನೆ ಮನೆ ಬದಲಿಸುತ್ತಾರೆ? ಶ್ರಾವಣದಲ್ಲಿ ಮಗಳಿಗೆ ದಿನ ತುಂಬಿತ್ತು. ಬಸುರಿಯಿರುವ ಮನೆಯನ್ನು ಕದಲಿಸಬಾರದು. ಭಾದ್ರಪದ ಪಕ್ಷಮಾಸ, ಹಿರಿಯರು ಎಡೆಗೆ ಹಳೆಯ ವಿಳಾಸಕ್ಕೇ ಬರುವರಷ್ಟೆ. ಆಮೇಲೆ ದಸರಾ, ಅದರೊಡನೆ ಹೊಗೆಸೊಪ್ಪಿನ ಮಾರುಕಟ್ಟೆ. ಕಾರ್ತೀಕದಲ್ಲಿ ಬಾಣಂತಿ, ಎಳೆಗೂಸು. ಅಷ್ಟರಲ್ಲಿ ಧನುರ್ಮಾಸ ಬಂದಿತು. ಆಸ್ತಿ ವರ್ಗಾವಣೆಯ 1882ರ ಶಾಸನವು ತಿಂಗಳ ಬಾಡಿಗೆದಾರನಿಗೆ 15 ದಿನಗಳ ನೋಟೀಸು ಸಾಕೆನ್ನುತ್ತದೆ. ಪಂಚಾಂಗವು ವರ್ಷದಲ್ಲಿ ಅಂಥ 15 ದಿನಗಳನ್ನು ಬಿಟ್ಟಿದ್ದರೆ ತಾನೆ?

ನಾನು ಕೋಪಿಸಿಕೊಳ್ಳಬಹುದಿತ್ತು. ಆದರೆ ಕೋಪಕ್ಕೆ ಮುಖ್ಯ ಅಡಚಣೆಯೊಂದಿತ್ತು: ಆತನ ಪ್ರತಿಯೊಂದು ನೆಪವೂ ನನ್ನದೇ ಆಗಿತ್ತು. ಮೈಸೂರಿನ ನಮ್ಮ ಮನೆಯ ಯಜಮಾನರಿಗೆ ಈ ಆಷಾಢವನ್ನೂ, ಈ ಪಕ್ಷಮಾಸವನ್ನೂ, ಮಗನ ಪರೀಕ್ಷೆಯನ್ನೂ ನಾನು 27 ವರ್ಷ ಸರದಿಯ ಮೇಲೆ ಒಪ್ಪಿಸುತ್ತ ಬಂದವನು. “ನಿಮ್ಮ ಶಿಷ್ಯನ ಹಾಗೆಯೇ ಇದ್ದಾನಲ್ಲ” ಎಂದು ನಮ್ಮಾಕೆ ಒಮ್ಮೆ ಅಂದಾಗ, ಗುರುವಿಗೆ ಆಗಬೇಕಾದ ಸಂತೋಷ ನನಗೇಕೋ ಆಗಲಿಲ್ಲ.

ಒಂದು ದಿನ ಧೈರ್ಯವಾಗಿ, “ಇದು ನನ್ನ ಮನೆಯಪ್ಪಾ” ಎಂದೆ. ಆತ ನಕ್ಕು, “ದೇವರಾಜ ಅರಸೋರು ನಮ್ಮೂರ ಕಡೆಯೋರೇ, ಗೊತ್ತಲ್ಲ? ಉಳೋನೇ ಹೊಲದೊಡೆಯ ಅಂದ್ರು. ಇರೋನೇ ಮನೆಯೊಡೆಯ ಅನ್ನೋಕೆ ಅವರಿಗೆ ಪುರಸೊತ್ತು ಸಿಕ್ಕಲಿಲ್ಲ ಬುದ್ಧಿ” ಎಂದ. ಕಲ್ಲಹಳ್ಳಿಯ ಅರಸರು ಜಾರಿಗೆ ತಂದ ಭೂಸುಧಾರಣೆಯ ತಿದ್ದುಪಡಿ 1974ರ ಮಾರ್ಚಿ 1ರಿಂದ ಗೇಣಿದಾರರ ಪಾಲಿಗೆ ಹೊಲವನ್ನು ಉಳಿಸಿಕೊಟ್ಟದ್ದು ನಿಜ. ಆ ಫಾರಂ 7ರಲ್ಲಿ ಹೆಂಚಿನ ಮನೆಗೆ ಕಾಲಂ ಇರಲಿಲ್ಲವೆಂಬುದೂ ನಿಜ.

ಒಳಗೆ ಮಗುವಿಗೆ ಕಾಲು ನೀವುತ್ತಿದ್ದ ಮುದುಕಿ ಅರಸರ ಹೆಸರು ಕೇಳಿ ಬಾಗಿಲಿಗೆ ಬಂದಳು. ಅದೇ 1974ರಲ್ಲಿ ಕೋಟೆ ತಾಲ್ಲೂಕಿನ ಬೀಚನಹಳ್ಳಿಯಲ್ಲಿ ಕಪಿಲೆಗೆ ಅಣೆಕಟ್ಟು ಮುಗಿಯಿತು. ಆಕೆಯ ಊರು ಆ ನೀರಿನಡಿಯಲ್ಲಿತ್ತು. ಇತ್ತ ಕೃಷ್ಣರಾಜನಗರದವರನ್ನು ಕೇಳಿದರೂ ಇಂಥದೇ ಕಥೆ. ಕಾವೇರಿಯ ಪ್ರವಾಹಕ್ಕೆ ಅಂಜಿ ಹಳೆಯ ಎಡತೊರೆಯನ್ನು ಬಿಟ್ಟು ಎತ್ತರದಲ್ಲಿ ಕಟ್ಟಿಕೊಂಡ ಊರದು. ಹೊಳೆಗೆ ನೋಟೀಸಿನ ಹಂಗಿಲ್ಲ, ಪಂಚಾಂಗದ ಅಂಜಿಕೆಯಿಲ್ಲ. ಮುದುಕಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ಆವತ್ತು ನೀರು ಹೇಳ್ದೆ ಕೇಳ್ದೆ ಬಂತು ಕಣಪ್ಪ. ನೀನು ಕಾಪಿ ಕುಡ್ದು, ಮಾತಾಡಿಸ್ಕಂಡು ಎಬ್ಬುಸ್ತಿದ್ದೀಯ. ಅದ್ಕಿಂತ ನೀನೇ ವಾಸಿ” ಎಂದಳು. ನನ್ನ ಬಾಳಿನಲ್ಲಿ ನನಗೆ ದೊರೆತ ಪ್ರಶಂಸಾಪತ್ರಗಳಲ್ಲಿ ಇದನ್ನು ಯಾವ ಕಟ್ಟು ಹಾಕಿಸಿ ಎಲ್ಲಿ ತೂಗುಹಾಕಬೇಕೋ ನನಗೆ ಇಂದಿಗೂ ಗೊತ್ತಾಗಿಲ್ಲ.

ನಿಜವಾದ ಗಂಟು ಬಿಚ್ಚಿಕೊಂಡದ್ದು ಅಂದು ಸಂಜೆ. ಆತ ತಗಡಿನ ಟ್ರಂಕಿನಿಂದ, ಸೀರೆ ಅಂಗಡಿಯ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟ ಛಾಪಾಕಾಗದವೊಂದನ್ನು ತೆಗೆದು ನನ್ನ ತೊಡೆಯ ಮೇಲಿಟ್ಟ. ಮಡಿಕೆಯ ಗೆರೆಗಳಲ್ಲಿ ಹರಿಯುತ್ತ ಬಂದಿದ್ದ ಅದನ್ನು ಹಿಂಬದಿಯಿಂದ ಅಂಟುಪಟ್ಟಿ ಹಿಡಿದುಕೊಂಡಿತ್ತು. ಆತ ಬಾಡಿಗೆದಾರನೇ ಅಲ್ಲ, ಭೋಗ್ಯಕ್ಕೆ ಬಂದವನು. 3 ಲಕ್ಷ ರೂಪಾಯಿಗಳನ್ನು ಇಡಿಗಂಟಾಗಿ ಹಳೆಯ ಯಜಮಾನನಿಗೆ ಕೊಟ್ಟು, ಮೂರು ವರ್ಷ ಬಾಡಿಗೆಯಿಲ್ಲದೆ ಇದ್ದು, ಬಿಡುವಾಗ ಹಣ ಹಿಂದಕ್ಕೆ ಪಡೆಯುವ ಕರಾರು. ಮಗಳಿಗೆಂದು ಮಾಡಿಸಿದ್ದ ಎರಡೆಳೆಯ ಸರ ಆ ಗಂಟಿನೊಳಗೆ ಸೇರಿತ್ತು. ಹಳೆಯ ಯಜಮಾನ ಮೊದಲು ಮನೆಯನ್ನು ಬ್ಯಾಂಕಿಗೆ ಅಡವಿಟ್ಟು ಸಾಲ ತೆಗೆದ. ಅನಂತರ ಅದೇ ಮನೆಯನ್ನು ಈತನಿಗೆ ಭೋಗ್ಯಕ್ಕೆ ಹಾಕಿ ಹಣ ತೆಗೆದ. ಅನಂತರ ಊರನ್ನೇ ಬಿಟ್ಟ. ಭೋಗ್ಯವು ಅಡಮಾನಕ್ಕಿಂತ ಈಚಿನದಾದುದರಿಂದ ಬ್ಯಾಂಕು ಅದಕ್ಕೆ ಕಟ್ಟುಬೀಳುವುದಿಲ್ಲ. ವರ್ಷಕ್ಕೆ ಮೀರಿದ ಕರಾರು ನೋಂದಣಿಯಾಗದುದರಿಂದ ಕಾಯಿದೆಯ ಕಣ್ಣಿಗೆ ಅದು ಬರಿಯ ಕಾಗದ. ದೂರು ಹೇಳಬೇಕಾದರೆ ಬೆಂಗಳೂರಿನ ಸಾಲ ವಸೂಲಾತಿ ನ್ಯಾಯಮಂಡಳಿಯ ಮೆಟ್ಟಿಲು ಹತ್ತಬೇಕು. ಆಷಾಢದಿಂದ ಧನುರ್ಮಾಸದವರೆಗೆ ಆತ ಹೇಳಿದ ನೆಪಗಳೆಲ್ಲ ಈ ಒಂದು ಕಾಗದದ ಮೇಲೆ ಹೊದಿಸಿದ ಬಟ್ಟೆಗಳಾಗಿದ್ದವು.

ಹಿಂದಿರುಗುವಾಗ ಬಸ್ಸಿನ ಚೀಟಿಯ ಬೆನ್ನ ಮೇಲೆಯೇ ಲೆಕ್ಕ ಹಾಕಿದೆ. ವಕೀಲರ ಶುಲ್ಕ, ಅರ್ಜಿಯ ಖರ್ಚು, ಇನ್ನೂ ಒಂದು ವರ್ಷದ ಮೈಸೂರಿನ ಬಾಡಿಗೆ, ಬಸ್ಸು, ಕಾಫಿ. ಒಟ್ಟು 1 ಲಕ್ಷವನ್ನು ದಾಟಿತು. ಧರ್ಮವೂ ಗಣಿತವೂ ಒಂದೇ ಉತ್ತರವನ್ನು ಕೊಡುವ ಪ್ರಸಂಗಗಳು ಬಾಳಿನಲ್ಲಿ ವಿರಳವಾದುದರಿಂದ ನಾನು ತಡಮಾಡಲಿಲ್ಲ. ಸಂಕ್ರಾಂತಿಯ ಮಾರನೆಯ ದಿನ 1 ಲಕ್ಷ ರೂಪಾಯಿಯನ್ನೂ ಸಾಮಾನು ಸಾಗಿಸಲು ಲಾರಿಯನ್ನೂ ಒಪ್ಪಿಕೊಂಡು ಬಂದೆ. “ಇದಕ್ಕೆ ಕಾನೂನಿನಲ್ಲಿ ಅವಕಾಶವಿಲ್ಲ” ಎಂದರು ವಕೀಲರು. “ನಿಷೇಧವೂ ಇಲ್ಲವಷ್ಟೆ?” ಎಂದೆ. ಅವರು ಪುಸ್ತಕ ತೆಗೆಯಲು ಎದ್ದರು. ನಾನು ಅಷ್ಟರಲ್ಲಿ ಮೆಟ್ಟಿಲಿಳಿದೆ.

ಆ ಮನೆಯವರು ಎರಡು ಬೀದಿಗಳಾಚೆ ಒಂದು ಮನೆಗೆ ಹೋದರು. ಬೀಗದ ಕೈ ಕೊಡುವಾಗ ಆತ, ಯಾವ ಹೆಂಚು ಸೋರುತ್ತದೆ, ಯಾವ ಕಿಟಕಿಯನ್ನು ಎತ್ತಿ ಮುಚ್ಚಬೇಕು, ಹಿತ್ತಿಲ ಹಲಸಿನಲ್ಲಿ ಯಾವ ಕೊಂಬೆಯ ಹಣ್ಣು ಸಿಹಿ ಎಂಬುದನ್ನೆಲ್ಲ ಸಾವಧಾನವಾಗಿ ತೋರಿಸಿದ. ವಿಕ್ರಯಪ್ರಮಾಣಪತ್ರದಲ್ಲಿ ಇಲ್ಲದಿದ್ದ ಮನೆಯೆಲ್ಲ ಆ ಅರ್ಧ ಗಂಟೆಯಲ್ಲಿ ನನ್ನ ವಶಕ್ಕೆ ಬಂದಿತು.

ಮಾಘದಲ್ಲಿ ಮನೆಯೊಕ್ಕಲು. ಮೊದಲು ಹಸುವನ್ನು ಒಳಗೆ ಹೊಗಿಸಬೇಕೆಂದರು ಪುರೋಹಿತರು. ಪೇಟೆಯಲ್ಲಿ ಹಸುವನ್ನೆಲ್ಲಿ ತರುವುದು? ಗೌರಿಯೇ ಬಂದಳು. ಸಾಮಾನ್ಯವಾಗಿ ಇಂಥ ವೇಳೆಯಲ್ಲಿ ಹಸುಗಳು ಹೊಸಿಲಲ್ಲಿ ಹಿಂಜರಿದು, ಬಾಳೆಹಣ್ಣಿನ ಆಸೆ ತೋರಿಸಿದ ಮೇಲೆ ಕಾಲಿಡುವುದು ವಾಡಿಕೆ. ಗೌರಿ ಯಾರ ಉಪಚಾರಕ್ಕೂ ಕಾಯದೆ, ರಂಗೋಲಿಯನ್ನು ತುಳಿದು, ಹಜಾರವನ್ನೂ ಅಡಿಗೆಮನೆಯ ಪಕ್ಕದ ಓಣಿಯನ್ನೂ ನೇರವಾಗಿ ದಾಟಿ, ಹಿತ್ತಿಲಿಗೆ ಹೋಗಿ, ತನ್ನ ಹಳೆಯ ಗೂಟದ ಬಳಿ ನಿಂತು ಮೆಲುಕುಹಾಕತೊಡಗಿದಳು. ಹೊರಗೆ ಬಾ ಎಂದರೆ ಬರಲಿಲ್ಲ. ವಕೀಲರು ಊಟಕ್ಕೆ ಬಂದಿದ್ದರು. ಯಾವ ಪ್ರಕರಣ ಅನ್ವಯಿಸುತ್ತದೆಂದು ಅವರನ್ನು ಕೇಳಿದೆ. ಅವರಿಗೂ ತೋರಲಿಲ್ಲ. ಸಂಜೆಯವರೆಗೆ ಆಕೆ ಅಲ್ಲಿಯೇ ಇದ್ದಳು. ಈಗಲೂ ಮೇಯಲು ಬಿಟ್ಟ ದಿನ ಒಮ್ಮೊಮ್ಮೆ ಬಂದು ನಿಲ್ಲುತ್ತಾಳೆ. ಗೂಟವನ್ನು ನಾನು ಕಿತ್ತಿಲ್ಲ.

ಹರಾಜಿನಲ್ಲಿ ಮನೆ ಕೊಳ್ಳುವ ಉದ್ದೇಶವುಳ್ಳ ವಾಚಕ ಮಹಾಶಯರಿಗೆ ನನ್ನದೊಂದು ವಿಜ್ಞಾಪನೆ. ಋಣಭಾರ ಪತ್ರ, ಖಾತೆ, ಕಂದಾಯದ ರಸೀತಿಗಳನ್ನು ಪರೀಕ್ಷಿಸುವುದಂತೂ ಸರಿಯೇ. ಠೇವಣಿ ಕಟ್ಟುವ ಮುನ್ನ ಒಂದು ಮಧ್ಯಾಹ್ನ ಆ ಮನೆಯ ಬಾಗಿಲಿಗೆ ಹೋಗಿ ಒಂದು ಲೋಟ ನೀರು ಕೇಳಿರಿ. ಯಾರೂ ತರದಿದ್ದರೆ ಧಾರಾಳವಾಗಿ ಕೂಗಿರಿ. ಬೆಲ್ಲದೊಡನೆ ತಂದುಕೊಟ್ಟರೆ, ಕುಡಿದು, ಭೋಗ್ಯದ ಹಣವೆಷ್ಟೆಂದು ಕೇಳಿ, ಅಷ್ಟನ್ನು ನಿಮ್ಮ ಲೆಕ್ಕಕ್ಕೆ ಸೇರಿಸಿಕೊಂಡು ಆಮೇಲೆ ಕೂಗಿರಿ.