ಅದಕ್ಕೂ ಇದಕ್ಕೂ ಸಂಬಂಧ ಇಲ್ಲ ಸಾರ್

ಬೆಂಗಳೂರಿನಲ್ಲಿ ಕಾರಿಗೆ ಗೀರು ಬಿದ್ದರೆ ಅದೇನೂ ಸುದ್ದಿಯಲ್ಲ. ಬೀಳದೆ ಉಳಿದರೆ ನಾಲ್ಕು ಜನರನ್ನು ಕರೆದು ತೋರಿಸಬಹುದು. ನಮ್ಮ ಕಾರು ಆ ಯೋಗ್ಯತೆಯನ್ನು ಬಹಳ ಕಾಲ ಉಳಿಸಿಕೊಂಡಿತ್ತು. ಕೊನೆಗೊಮ್ಮೆ ಬನಶಂಕರಿಯ ಸಿಗ್ನಲ್ಲಿನಲ್ಲಿ ಗೂಡ್ಸ್ ಆಟೋ ಒಂದು ಅದರ ಎಡಗೆನ್ನೆ ಸವರಿಕೊಂಡು ಹೋಯಿತು. ಬಂಪರು ಸೀಳಿತು, ಪಕ್ಕದ ಫೆಂಡರು ಒಳಕ್ಕೆ ಕೂತಿತು. ಆಟೋದವನು ಇಳಿದು ಬಂದು, ಬಗ್ಗಿ ನೋಡಿ, ಬೆರಳಿನಿಂದ ಒರೆಸಿ, “ಏನಾಗಿಲ್ಲ ಬಿಡಿ ಸಾರ್, ಬರೀ ಬಣ್ಣದ್ದೇ ಪ್ರಾಬ್ಲಮ್ಮು” ಎಂದು ತೀರ್ಪು ಕೊಟ್ಟು ಹೊರಟುಹೋದ. ಅವನು ಆಡಿದ್ದು ಭವಿಷ್ಯವಾಣಿ ಎಂದು ಆ ಗದ್ದಲದಲ್ಲಿ ಯಾರಿಗೆ ಹೊಳೆಯಬೇಕು?

ಈಗಿನ ಸರ್ವಿಸ್ ಸೆಂಟರುಗಳಲ್ಲಿ ಗ್ರೀಸಿನ ವಾಸನೆ ಬರುವುದಿಲ್ಲ, ಕಾಫಿ ಮಷೀನಿನದು ಬರುತ್ತದೆ. ಮೆಕ್ಯಾನಿಕ್ಕು ಕಣ್ಣಿಗೆ ಬೀಳುವುದಿಲ್ಲ. ನಮಗೆ ಸಿಗುವವನು ಸರ್ವಿಸ್ ಅಡ್ವೈಸರ್: ಇಸ್ತ್ರಿ ಮಾಡಿದ ಶರ್ಟು, ಕೊರಳಲ್ಲಿ ಟ್ಯಾಗು, ಕೈಯಲ್ಲಿ ಟ್ಯಾಬು. ಆತ ಕಾರಿಗೆ ಒಂದು ಪ್ರದಕ್ಷಿಣೆ ಹಾಕಿ ಜಾಬ್ ಕಾರ್ಡ್ ಬರೆದ. “ಬಂಪರ್ ಹೊಸದು, ಫೆಂಡರ್ ಟಿಂಕರಿಂಗು, ಎರಡಕ್ಕೂ ಪೇಂಟಿಂಗು. ಇನ್ಶೂರೆನ್ಸ್ ಸರ್ವೇಯರ್ ಬಂದು ನೋಡಿದ್ಮೇಲೆ ಎಲ್ಲ ಕ್ಯಾಶ್‌ಲೆಸ್ಸು ಸಾರ್.” ಕ್ಯಾಶ್‌ಲೆಸ್ ಎಂದರೆ ಕ್ಯಾಶ್ ಕೊಡಬೇಕಾದ ಕಲಮುಗಳೆಲ್ಲ ಸಣ್ಣ ಅಕ್ಷರದಲ್ಲಿ ಇರುತ್ತವೆ ಎಂದಷ್ಟೇ ಅರ್ಥ. ಬಂಪರು ಪ್ಲಾಸ್ಟಿಕ್ಕಾದ್ದರಿಂದ ಅರ್ಧ ಬೆಲೆ ಸವಕಳಿಗೆ ಹೋಯಿತು. ಅದು ಬೇರೆ ಪ್ರಬಂಧದ ವಸ್ತು.

ಕಾರು ವಾಪಸ್ಸು ಬಂದಾಗ ನೋಡಬೇಕಿತ್ತು. ಎಡಗೆನ್ನೆ ಎಷ್ಟು ಹೊಳೆಯುತ್ತಿತ್ತೆಂದರೆ ಬಲಗೆನ್ನೆ ಹಳೆಯದೆನಿಸಿತು. ಅಡ್ವೈಸರ್ ಕೀಲಿಕೈ ಕೊಟ್ಟು, ಒಂದು ಗಿಡವನ್ನೂ ಕೊಟ್ಟು, ಫೋಟೋ ತೆಗೆದುಕೊಂಡ.

ದಾರಿಯಲ್ಲಿ ಮೊದಲು ಗಡಿಯಾರ ಒಂದು ಗಂಟೆ ತೋರಿಸಿತು. ಆಗ ಸಂಜೆ ಆರೂವರೆ. ರೇಡಿಯೋ ತಾನು ಕಲಿತ ಸ್ಟೇಷನ್ನುಗಳನ್ನೆಲ್ಲ ಮರೆತಿತ್ತು. ಒಂದೇ ಒತ್ತಿಗೆ ಪೂರ್ತಿ ಮೇಲೇರುತ್ತಿದ್ದ ಕಿಟಕಿ ಗಾಜು ಬೆರಳು ತೆಗೆದಲ್ಲೇ ನಿಂತಿತು. ಇವೆಲ್ಲ ಮರ್ಯಾದಸ್ಥ ದೋಷಗಳು. ವೆಲ್ಡಿಂಗ್ ಮಾಡುವ ಮುಂಚೆ ಬ್ಯಾಟರಿ ಕಳಚುತ್ತಾರೆ, ಕಾರಿಗೆ ಮರೆವು ಬರುತ್ತದೆ. ಗಾಜನ್ನು ಪೂರ್ತಿ ಏರಿಸಿ ಸ್ವಿಚ್ಚನ್ನು ಕೆಲವು ಸೆಕೆಂಡು ಹಾಗೇ ಹಿಡಿದರೆ ಅದಕ್ಕೆ ನೆನಪು ಮರಳುತ್ತದೆ. ಮನುಷ್ಯರಿಗೂ ಇಷ್ಟು ಸುಲಭದ ಚಿಕಿತ್ಸೆ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು ಎಂದುಕೊಳ್ಳುತ್ತ ಮುಂದೆ ಹೋದೆ.

ಕತ್ತಲಾಯಿತು. ಹೆಡ್‌ಲೈಟ್ ಹಾಕಿದೆ. ಎಡಕ್ಕೆ ತಿರುಗಲು ಇಂಡಿಕೇಟರ್ ಹಾಕಿದರೆ ಅದರ ಜೊತೆಗೆ ಪಕ್ಕದ ಪಾರ್ಕಿಂಗ್ ಲೈಟೂ ಮಂದವಾಗಿ ಕಣ್ಣು ಹೊಡೆಯಿತು. ಹಾರ್ನ್ ಒತ್ತಿದರೆ ಶೀತವಾದವರ ದನಿ. ಮುಂದೆ ಯಾರೂ ಇಲ್ಲದ ರಸ್ತೆಯಲ್ಲಿ ಪಾರ್ಕಿಂಗ್ ಸೆನ್ಸರ್ “ಪೀ ಪೀ” ಎಂದು ಅಳತೊಡಗಿತು. ಆಮೇಲೆ ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪಗಳು ಸಾಲಾಗಿ ಹತ್ತಿಕೊಂಡವು: ಎಬಿಎಸ್, ಜಾರುವ ಕಾರಿನ ಚಿತ್ರ ಇರುವ ಇನ್ನೊಂದು, ಏರಿನಲ್ಲಿ ಕಾರು ಹಿಂದೆ ಸರಿಯದಂತೆ ಹಿಡಿಯುವ ಮತ್ತೊಂದು. ಪಕ್ಕದಲ್ಲಿ ಕೂತಿದ್ದ ಇವಳು, “ದೀಪಾವಳಿ ಇನ್ನೂ ದೂರ ಇದೆಯಲ್ರೀ?” ಎಂದಳು.

ಮಾರನೆಯ ಬೆಳಿಗ್ಗೆ ಅಡ್ವೈಸರ್ ಮುಂದೆ ಅಹವಾಲು ಇಟ್ಟೆ. ಆತ ಕಾರು ಸ್ಟಾರ್ಟ್ ಮಾಡಿದ. ಒಂದು ದೀಪವೂ ಹತ್ತಲಿಲ್ಲ. ಹಾರ್ನ್ ಕೋಗಿಲೆಯಂತೆ ಕೂಗಿತು. ಸೆನ್ಸರ್ ಮಾತ್ರ ಅಳುತ್ತಲೇ ಇತ್ತು. “ಅದು ಸ್ವಲ್ಪ ಸೆನ್ಸಿಟಿವ್ವು ಸಾರ್” ಎಂದ. ಜಾಬ್ ಕಾರ್ಡಿನಲ್ಲಿ ‘ಕಂಪ್ಲೇಂಟ್ ನಾಟ್ ಅಬ್ಸರ್ವ್ಡ್’ ಎಂದು ಬರೆದ. ನಾನು ಬಿಡಲಿಲ್ಲ. “ನಿಮ್ಮಲ್ಲಿಗೆ ಬರೋಕೆ ಮುಂಚೆ ಇವೆಲ್ಲ ಸರಿ ಇದ್ವು.” ಆತ ನನ್ನನ್ನು ಕರುಣೆಯಿಂದ ನೋಡಿದ.

“ನಾವು ಮಾಡಿದ್ದು ಬಾಡಿ ವರ್ಕ್ ಸಾರ್. ಇದು ಎಲೆಕ್ಟ್ರಾನಿಕ್ಸು. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ.”

ಈ ಮಾತನ್ನು ಲಘುವಾಗಿ ತೆಗೆದುಕೊಳ್ಳಬೇಡಿ. ಬಂಪರಿಗೂ ಹಾರ್ನಿಗೂ ಸಂಬಂಧ ಇಲ್ಲ. ಹಾರ್ನಿಗೂ ಎಬಿಎಸ್ಸಿಗೂ ಇಲ್ಲ. ನಿನ್ನೆಯ ರಿಪೇರಿಗೂ ಇಂದಿನ ದೋಷಕ್ಕೂ ಇಲ್ಲ. ಗಿರಾಕಿಗೂ ವಾರಂಟಿಗೂ ಇಲ್ಲ, “ಅದು ಹೋದ ತಿಂಗಳೇ ಮುಗೀತು ಸಾರ್.” ಸಂಬಂಧ ಇರುವುದು ಒಂದೇ, ನನಗೂ ಬಿಲ್ಲಿಗೂ.

ನಮ್ಮ ಪಕ್ಕದ ಮನೆಯ ಹಿರಿಯರು ಉಡುಪಿ ಕಡೆಯವರು, ಆಡುಗೋಡಿಯ ಮೈಕೋ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. 2008ರಲ್ಲಿ ಕಂಪನಿ ತನ್ನ ಹೆಸರನ್ನು ಬಾಷ್ ಎಂದು ಬದಲಿಸಿಕೊಂಡರೂ ಇವರನ್ನು ಬೀದಿಯ ಮಕ್ಕಳೆಲ್ಲ ಇನ್ನೂ ಮೈಕೋ ತಾತ ಎಂದೇ ಕರೆಯುತ್ತಾರೆ. ಬೆಳಿಗ್ಗೆ ದ್ವಾದಶ ಸ್ತೋತ್ರ, ಸಂಜೆ ಸ್ಕ್ರೂಡ್ರೈವರ್. ಅವರಿಗೆ ನನ್ನ ಕಥೆ ಹೇಳಿದೆ. ಅಡ್ವೈಸರನ ಮಾತು ಕೇಳಿ ಅವರ ಮುಖ ಅರಳಿತು.

“ಪಾಪ, ಒಳ್ಳೆ ಮಾಧ್ವ ಹುಡುಗ ಮಾರಾಯ್ರೇ! ಆಚಾರ್ಯರು ಹೇಳಿದ ಭೇದ ಐದು ಉಂಟು. ಜೀವಕ್ಕೂ ಈಶ್ವರನಿಗೂ, ಜಡಕ್ಕೂ ಈಶ್ವರನಿಗೂ, ಜೀವ ಜೀವಕ್ಕೆ, ಜೀವಕ್ಕೂ ಜಡಕ್ಕೂ, ಕೊನೇದು ಜಡ ಜಡಕ್ಕೆ. ಬಂಪರು ಬೇರೆ, ಹಾರ್ನು ಬೇರೆ. ಅವ ಹೇಳಿದ್ದು ಶಾಸ್ತ್ರಶುದ್ಧ.”

“ಮತ್ತೆ ದೀಪ ಯಾಕೆ ಹತ್ತುತ್ತೆ?”

“ಅಲ್ಲೇ ಉಂಟು ತೊಂದರೆ. ಸರ್ವಿಸ್ ಸೆಂಟರು ದ್ವೈತ, ನಿಮ್ಮ ಕಾರು ಅದ್ವೈತ. ಅದು ಶೃಂಗೇರಿ ಮಠದ್ದು!”

ಆಮೇಲೆ ಅವರು ಹೇಳಿದ್ದರ ಸಾರ ಇಷ್ಟು. ಹಿಂದೆ ಕಾರಿನಲ್ಲಿ ಒಂದು ಸ್ವಿಚ್ಚಿನಿಂದ ಒಂದು ದೀಪಕ್ಕೆ ಒಂದು ವೈರು ಇರುತ್ತಿತ್ತು. ಅಂಬಾಸಿಡರಿನಲ್ಲಿ ಹಾರ್ನ್ ಕೆಟ್ಟರೆ ಹಾರ್ನೇ ಕೆಟ್ಟಿರುತ್ತಿತ್ತು; ಅದರ ದುಃಖದಲ್ಲಿ ಬ್ರೇಕು ಪಾಲ್ಗೊಳ್ಳುತ್ತಿರಲಿಲ್ಲ. ಸೌಕರ್ಯಗಳು ಹೆಚ್ಚಿದಂತೆ ವೈರಿನ ಕಟ್ಟು ದಪ್ಪವಾಗುತ್ತಾ ಹೋಯಿತು. ಆಗ ಜರ್ಮನಿಯ ಬಾಷ್ ಕಂಪನಿಯವರು 1983ರಲ್ಲಿ ಕೆಲಸಕ್ಕೆ ಕೂತು, 1986ರಲ್ಲಿ ಅಮೆರಿಕದ ಡೆಟ್ರಾಯಿಟಿನಲ್ಲಿ ಲೋಕಕ್ಕೆ ತೋರಿಸಿದ ಏರ್ಪಾಡಿನ ಹೆಸರು ಕ್ಯಾನ್ ಬಸ್. 1990ರ ದಶಕದ ಆರಂಭಕ್ಕೆ ಅದು ಮರ್ಸಿಡಿಸ್‌ನ ದೊಡ್ಡ ಕಾರುಗಳನ್ನು ಹೊಕ್ಕಿತ್ತು. ಈಗ ಸಣ್ಣಪುಟ್ಟ ಕಾರುಗಳಲ್ಲೂ ಇದೆ. ಒಂದಕ್ಕೊಂದು ಹೆಣೆದ ಎರಡೇ ವೈರು. ಎಂಜಿನ್ನು, ಬ್ರೇಕು, ಸ್ಟೇರಿಂಗು, ಮೀಟರು, ಎಲ್ಲದರ ಪುಟ್ಟ ಕಂಪ್ಯೂಟರುಗಳೂ ಆ ಎರಡು ವೈರಿನ ಮೇಲೇ ಮಾತಾಡಬೇಕು. ಒಬ್ಬ ಆಡಿದ್ದು ಎಲ್ಲರಿಗೂ ಕೇಳಿಸುತ್ತದೆ. ಇಬ್ಬರು ಒಟ್ಟಿಗೆ ಬಾಯಿ ತೆರೆದರೆ ಯಾರ ಸಂದೇಶದ ನಂಬರು ಚಿಕ್ಕದೋ ಅವನ ಮಾತು ನಡೆಯುತ್ತದೆ, ಇನ್ನೊಬ್ಬ ಸುಮ್ಮನಾಗಿ ತನ್ನ ಸರದಿಗೆ ಕಾಯುತ್ತಾನೆ. ನಮ್ಮ ಟೀವಿ ಚರ್ಚೆಗಳಿಗೆ ಈ ನಿಯಮ ಇನ್ನೂ ಬಂದಿಲ್ಲ.

ಚಕ್ರ ಎಷ್ಟು ಜೋರಾಗಿ ತಿರುಗುತ್ತಿದೆ ಎಂಬ ಸುದ್ದಿ ಎಬಿಎಸ್ಸಿಗೆ ಬೇಕು. ಅದೇ ಸುದ್ದಿ ಜಾರದಂತೆ ತಡೆಯುವವನಿಗೂ, ಏರಿನಲ್ಲಿ ಹಿಡಿದು ನಿಲ್ಲಿಸುವವನಿಗೂ ಬೇಕು. ಎಬಿಎಸ್ ಮೌನವಾದರೆ ಉಳಿದವರೂ ಕೈಚೆಲ್ಲಿ ತಂತಮ್ಮ ದೀಪ ಹಚ್ಚುತ್ತಾರೆ. ಮೂರು ದೀಪ ಹತ್ತಿದರೆ ಮೂರು ರೋಗ ಎಂದಲ್ಲ. ಒಬ್ಬನಿಗೆ ಸೌಖ್ಯವಿಲ್ಲ, ಇಬ್ಬರು ವಿಚಾರಿಸಿಕೊಳ್ಳಲು ಬಂದಿದ್ದಾರೆ.

ಇಷ್ಟು ಜ್ಞಾನ ಹೊತ್ತು ಮತ್ತೆ ಹೋದೆ. ಈ ಸಲ ಸ್ಕ್ಯಾನರ್ ತಂದರು. ಸ್ಟೇರಿಂಗಿನ ಕೆಳಗೆ ಹದಿನಾರು ಪಿನ್ನಿನ ಒಂದು ಸಾಕೆಟ್ಟು ಇರುತ್ತದೆ. ಕಾರಿನ ಹೊಟ್ಟೆಯ ಮಾತು ಅಲ್ಲಿಂದ ಹೊರಬರುತ್ತದೆ. ಪರದೆಯ ಮೇಲೆ ಬಂದ ಕೋಡು ಯು0121. ಪಿ ಎಂದು ಶುರುವಾದರೆ ಎಂಜಿನ್ ಮತ್ತು ಗೇರಿನ ದೂರು, ಬಿ ಎಂದರೆ ಬಾಡಿ, ಸಿ ಎಂದರೆ ಚಾಸಿಸ್, ಯು ಎಂದರೆ ಪರಸ್ಪರ ಮಾತುಕತೆ ನಿಂತಿದೆ ಎಂಬ ದೂರು. ಯು0121 ಹೇಳುವುದು ಇಷ್ಟೇ: ಎಬಿಎಸ್ಸಿನವನು ಮಾತಿಗೆ ಸಿಗುತ್ತಿಲ್ಲ. ಯಾಕೆ ಸಿಗುತ್ತಿಲ್ಲ? ಸತ್ತನೋ, ಮಲಗಿದನೋ, ಯಾರಾದರೂ ಬಾಯಿ ಕಟ್ಟಿದರೋ? ಅದನ್ನು ಕೋಡು ಹೇಳುವುದಿಲ್ಲ. ಅಡ್ವೈಸರ್ ಮಾತ್ರ ಹೇಳಿದ: “ಎಬಿಎಸ್ ಮಾಡ್ಯೂಲ್ ಹೋಗಿದೆ ಸಾರ್. ಚೇಂಜ್ ಮಾಡ್ಬೇಕು.” ಎಸ್ಟಿಮೇಟ್ ತೋರಿಸಿದ. ಆ ದುಡ್ಡಿನಲ್ಲಿ ನನ್ನ ಮೊದಲ ಸ್ಕೂಟರನ್ನು ಕೊಂಡು, ಅದಕ್ಕೆ ಪೆಟ್ರೋಲ್ ಹಾಕಿಸಿ, ಧರ್ಮಸ್ಥಳಕ್ಕೆ ಹೋಗಿಬರಬಹುದಿತ್ತು.

“ಮಾತಾಡಲಿಲ್ಲ ಅಂತ ಹೇಳಿ ನೇರ ಶವಸಂಸ್ಕಾರವಾ?” ಎಂದರು ಮೈಕೋ ತಾತ. “ಎಂತ, ಹಗಲು ಸರಿ ಇರ್ತದೆ, ರಾತ್ರಿ ಕೆಡ್ತದೆ ಅಂದ್ರಲ್ಲ? ದೆವ್ವ ಅಲ್ಲ ಮಾರಾಯ್ರೇ, ಹೆಡ್‌ಲೈಟು. ಅದನ್ನು ಹಾಕಿ ಅರ್ಥ್ ನೋಡ್ಲಿಕ್ಕೆ ಹೇಳಿ.”

ಹಾಗೆ ಕೇಳಿಕೊಂಡ ಮೇಲೆ ಗಾಜಿನ ಆಚೆಯಿಂದ ಒಬ್ಬ ಹುಡುಗನನ್ನು ಕರೆಸಿದರು. ಮಾತು ಕಡಿಮೆ, ಕೈಯಲ್ಲಿ ಮಲ್ಟಿಮೀಟರು. ಹಾಡುಹಗಲಲ್ಲೇ ಹೆಡ್‌ಲೈಟ್ ಹಾಕಿಸಿದ. ಹಾರ್ನಿಗೆ ಶೀತವಾಯಿತು. ಪಾರ್ಕಿಂಗ್ ಲೈಟು ಕಣ್ಣು ಹೊಡೆಯಿತು. ಹಳದಿ ದೀಪಗಳು ಹಾಜರಾದವು. ನನಗಾದ ಸಂತೋಷ ಅಷ್ಟಿಷ್ಟಲ್ಲ. ಅಡ್ವೈಸರ್ ಎದುರಿಗೇ ದೀಪಗಳು ಸಾಕ್ಷಿ ಹೇಳುತ್ತಿದ್ದವು. ಹುಡುಗ ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್‌ಗೂ ಇನ್ನೊಂದನ್ನು ಎಡ ಫೆಂಡರಿನ ಒಳಗಿದ್ದ ಅರ್ಥ್ ವೈರಿನ ರಿಂಗಿಗೂ ಮುಟ್ಟಿಸಿದ. ಅಲ್ಲಿ ಹೆಚ್ಚುಕಡಿಮೆ ಸೊನ್ನೆ ಇರಬೇಕು. ಮೀಟರು ಎರಡು ವೋಲ್ಟ್ ದಾಟಿತ್ತು.

ಕಾರಿನಲ್ಲಿ ಬ್ಯಾಟರಿಯಿಂದ ಹೊರಡುವ ಕರೆಂಟಿಗೆ ವೈರು ಉಂಟು; ವಾಪಸ್ಸು ಬರಲು ಕಾರಿನ ಮೈಯೇ ದಾರಿ. ಅದಕ್ಕಾಗಿ ಅಲ್ಲಲ್ಲಿ ಒಂದೊಂದು ಬೋಲ್ಟಿನಲ್ಲಿ ನಾಲ್ಕಾರು ಅರ್ಥ್ ವೈರುಗಳನ್ನು ಒಟ್ಟಿಗೆ ಬಿಗಿಯುತ್ತಾರೆ. ಎಡಗಡೆಯ ಆ ಬೋಲ್ಟಿಗೆ ಹೆಡ್‌ಲೈಟು, ಇಂಡಿಕೇಟರು, ಹಾರ್ನು, ಎಬಿಎಸ್ ಎಲ್ಲವೂ ಶರಣು. ಟಿಂಕರಿಂಗಿನವನು ಬೋಲ್ಟು ಕಳಚಿದ. ಪೇಂಟಿನವನು ಬಂದು ಆ ಜಾಗಕ್ಕೂ ಧಾರಾಳವಾಗಿ ಬಣ್ಣ ಹೊಡೆದ. ಜೋಡಿಸುವವನು ಬಣ್ಣದ ಮೇಲೇ ರಿಂಗನ್ನು ಕೂರಿಸಿ ಬಿಗಿದ. ಮೂವರೂ ತಂತಮ್ಮ ಕೆಲಸವನ್ನು ಶ್ರದ್ಧೆಯಿಂದ ಮಾಡಿದ್ದರು. ಬಣ್ಣದ ಮೂಲಕ ಕರೆಂಟು ಸರಾಗ ಹರಿಯುವುದಿಲ್ಲ ಎಂಬ ಸಂಗತಿ ಮೂವರ ಜಾಬ್ ಕಾರ್ಡಿನಲ್ಲೂ ಇರಲಿಲ್ಲ. ಹಗಲು ಬೇಡಿಕೆ ಕಡಿಮೆ, ಹೇಗೋ ನಡೆಯುತ್ತಿತ್ತು. ರಾತ್ರಿ ಹೆಡ್‌ಲೈಟು ಹತ್ತಿದಾಗ ಕರೆಂಟಿನ ನೂಕುನುಗ್ಗಲು. ಮುಂಬಾಗಿಲು ಹಾಕಿರುವುದನ್ನು ಕಂಡ ನೆಂಟರು ಪಕ್ಕದ ಮನೆಯ ಹಿತ್ತಲಿನಿಂದ ನುಗ್ಗುವಂತೆ ಇಂಡಿಕೇಟರಿನ ಕರೆಂಟು ಪಾರ್ಕಿಂಗ್ ಲೈಟಿನೊಳಗೆ ಹಾದು ಹೋಗುತ್ತಿತ್ತು. ಎಬಿಎಸ್ಸಿನವನಿಗೆ ಹೊಟ್ಟೆಗೆ ಸಾಲದೆ ಮಾತು ನಿಲ್ಲುತ್ತಿತ್ತು. ಬದಲಿಸಿ ಹೊಸಬನನ್ನು ಕೂರಿಸಿದ್ದರೆ ಅವನೂ ಉಪವಾಸವೇ.

ಸೆನ್ಸರಿನ ಅಳುವಿಗೂ ಕಾರಣ ಬಣ್ಣವೇ ಎಂದ ಹುಡುಗ. ಅದು ನಮ್ಮ ಕಿವಿಗೆ ಕೇಳದ ಶಬ್ದ ಹೊರಡಿಸಿ, ಪ್ರತಿಧ್ವನಿ ಕೇಳಿ ದೂರ ಅಳೆಯುತ್ತದೆ. ಹೊಸ ಬಂಪರಿನ ಜೊತೆ ಅದರ ಮುಖಕ್ಕೂ ಪದರದ ಮೇಲೆ ಪದರ ಬಳಿದಿದ್ದರು. ಅಷ್ಟು ದಪ್ಪ ಮೇಕಪ್ಪಿನಲ್ಲಿ ಅದಕ್ಕೆ ಕಂಡದ್ದೆಲ್ಲ ಗೋಡೆ. ಹುಡುಗ ಉಪ್ಪುಕಾಗದದಲ್ಲಿ ಬೋಲ್ಟಿನ ಜಾಗ ಉಜ್ಜಿ, ಲೋಹ ಹೊಳೆಯುವಂತೆ ಮಾಡಿ, ರಿಂಗು ಕೂರಿಸಿದ. ಸೆನ್ಸರ್ ಬದಲಿಸಿದರು. ಎಲ್ಲ ದೀಪಗಳೂ ಆರಿದವು. ಆ ಗೂಡ್ಸ್ ಆಟೋದವನು ಸ್ಕ್ಯಾನರ್ ಇಲ್ಲದೆ, ಬರಿಗೈಯಲ್ಲಿ, ನಡುರಸ್ತೆಯಲ್ಲಿ ನಿಂತು ಹೇಳಿದ್ದನ್ನೇ ಇವರು ಇಷ್ಟು ಸುತ್ತಿ ಬಂದು ಹೇಳಿದರು: ಬರೀ ಬಣ್ಣದ್ದೇ ಪ್ರಾಬ್ಲಮ್ಮು.

ಬಿಲ್ಲಿನಲ್ಲಿ ‘ಡಯಾಗ್ನೋಸಿಸ್ ಚಾರ್ಜ್’ ಎಂಬ ಸಾಲು ಇತ್ತು. ಅವರು ಇಟ್ಟ ರೋಗವನ್ನು ಅವರೇ ಪತ್ತೆ ಹಚ್ಚಿದ್ದಕ್ಕೆ ನಾನೇಕೆ ಕೊಡಬೇಕು ಎಂದು ಕೇಳಿದೆ. ಅದನ್ನು ಹೊಡೆದು ಹಾಕಿದ ಅಡ್ವೈಸರ್ ದನಿ ತಗ್ಗಿಸಿ, “ಸಾರ್, ಕಂಪನಿಯಿಂದ ಫೀಡ್‌ಬ್ಯಾಕ್ ಕಾಲ್ ಬರತ್ತೆ. ದಯವಿಟ್ಟು ಹತ್ತಕ್ಕೆ ಹತ್ತು ಕೊಡಿ. ಒಂಬತ್ತು ಬಂದ್ರೂ ನಮ್ಗೆ ಸೊನ್ನೆನೇ” ಎಂದ. “ಇಷ್ಟೆಲ್ಲ ಆದ ಮೇಲೂ ಹತ್ತೇ?” ಎಂದೆ. “ಆಗಿದ್ದು ಬೇರೆ ಸಾರ್, ಫೀಡ್‌ಬ್ಯಾಕ್ ಬೇರೆ” ಎಂದ. ಅವನ ಸಿದ್ಧಾಂತನಿಷ್ಠೆಗೆ ಮೆಚ್ಚಿ ಹತ್ತು ಕೊಟ್ಟೆ.

ಮೈಕೋ ತಾತ ಇದನ್ನೂ ಒಪ್ಪಿದರು. “ಆಚಾರ್ಯರ ಮತದಲ್ಲಿ ತಾರತಮ್ಯವೂ ಉಂಟು. ಜೀವರು ಮೂರು ಬಗೆ. ಮುಕ್ತಿಯೋಗ್ಯರು, ತಮೋಯೋಗ್ಯರು, ನಡುವೆ ನಿತ್ಯಸಂಸಾರಿಗಳು. ಹತ್ತು ಸಿಕ್ಕಿತಲ್ಲ, ನಿಮ್ಮ ಅಡ್ವೈಸರಿಗೆ ಮುಕ್ತಿ.”

“ಹಾಗಾದರೆ ನಾನು?”

“ಮುಂದಿನ ಸರ್ವಿಸ್ ಯಾವಾಗ?”

“ಹತ್ತು ಸಾವಿರ ಕಿಲೋಮೀಟರಿಗೆ.”

“ಅದರ ನಂತರ?”

“ಮತ್ತೆ ಹತ್ತು ಸಾವಿರಕ್ಕೆ.”

“ನಿತ್ಯಸಂಸಾರಿ,” ಎಂದರು ತಾತ. “ಸಂಶಯವೇ ಇಲ್ಲ.”