ಅಂಬೆಗಾಲಿನ ವಾಸ್ತು

ಮೊಮ್ಮಗಳಿಗೆ ಮನೆಯೊಳಗೆ ಒಂದು ಆಟದ ಮೂಲೆ, ಓದುವ ಮೂಲೆ ಬೇಕೆಂದು ತೀರ್ಮಾನಿಸಿದವನು ನಾನು. ಮೂರು ವರ್ಷದ ಅವಳೇನೂ ಕೇಳಿರಲಿಲ್ಲ. ನಿವೃತ್ತ ಗಂಡಸಿನ ಕೈಗೆ ಅಳತೆಯ ಟೇಪು ಸಿಕ್ಕರೆ ಏನಾಗುತ್ತದೆಂದು ಬಲ್ಲ ನನ್ನ ಹೆಂಡತಿ, ಅಡುಗೆಮನೆಯ ಬಾಗಿಲನ್ನು ಮೊದಲೇ ಮುಂದಕ್ಕೆ ಮಾಡಿಕೊಂಡಳು.

ಓದದೆ ಕೆಲಸಕ್ಕಿಳಿಯುವ ಜಾತಿ ನನ್ನದಲ್ಲ. ಮಾರಿಯಾ ಮಾಂಟೆಸ್ಸರಿ 1907ರಲ್ಲಿ ರೋಮಿನ ಬಡವರ ಕೇರಿಯಲ್ಲಿ ಮಕ್ಕಳ ಮನೆ ತೆರೆದು, ಮೇಜು ಕುರ್ಚಿಗಳನ್ನೆಲ್ಲ ಮಕ್ಕಳ ಅಳತೆಗೇ ಮಾಡಿಸಿದ್ದು. 1939ರಲ್ಲಿ ಮದರಾಸಿನ ಅಡ್ಯಾರಿಗೆ ಬಂದಾಕೆ ಯುದ್ಧದ ದೆಸೆಯಿಂದ ಈ ದೇಶದಲ್ಲೇ ವರ್ಷಗಟ್ಟಲೆ ಉಳಿದದ್ದು. ವಕೀಲರಾಗಿದ್ದ ಗಿಜುಭಾಯಿ ಬಧೇಕಾ 1920ರಲ್ಲಿ ಭಾವನಗರದಲ್ಲಿ ಬಾಲಮಂದಿರ ಕಟ್ಟಿ ‘ಮೀಸೆಯ ತಾಯಿ’ ಅನ್ನಿಸಿಕೊಂಡದ್ದು, ಇಷ್ಟನ್ನೂ ಊಟದ ಹೊತ್ತಿನಲ್ಲಿ ಹೆಂಡತಿಗೆ ಒಪ್ಪಿಸಿದೆ.

“ಮೀಸೆಯೇನೋ ನಿಮಗೂ ಇದೆ, ಸಾರು ಹಾಕ್ಕೊಳ್ಳಿ” ಅಂದಳು.

ಬಲ್ಲವರು ಹೇಳುವ ಮೊದಲ ಮಾತು, ಕೋಣೆಯನ್ನು ಮಗುವಿನ ಕಣ್ಣಿನ ಎತ್ತರದಿಂದ ನೋಡಿ ಎಂದು. ಒಂದು ಬೆಳಿಗ್ಗೆ ಪಂಚೆ ಎತ್ತಿ ಕಟ್ಟಿ ನಡುಮನೆಯಲ್ಲಿ ಅಂಬೆಗಾಲಿಟ್ಟೆ. ಅಬ್ಬಾ, ಅದು ಬೇರೆಯದೇ ಮನೆ! ಟೀಪಾಯಿಯ ತಳದಲ್ಲಿ ಅಂಗಡಿಯವನು ಅಂಟಿಸಿದ ಬೆಲೆಚೀಟಿ ಇನ್ನೂ ಇದೆ. ಪ್ಲಗ್ಗಿನ ತೂತುಗಳು ನೇರ ಮೂಗಿನೆದುರು. ನಾನೇ ಮೊಳೆ ಹೊಡೆದು ನೇತುಹಾಕಿದ ಅಕ್ಷರಮಾಲೆಯ ಚಾರ್ಟು ಮಾತ್ರ ಎಲ್ಲೋ ಮುಗಿಲಲ್ಲಿ. ಖುಷಿ ಹೆಚ್ಚಾಗಿ ದಿವಾನದ ಕೆಳಗೆ ಎದೆಯವರೆಗೂ ತೂರಿದೆ. ಸರಿಯಾಗಿ ಆಗಲೇ ಬಡಗಿ ಆಚಾರ್ರು ಬಂದರು.

“ಏನ್ ಬಿದ್ದೋಯ್ತು ಸಾರ್?”

ನಾನು ಬಾಯಿ ತೆರೆಯುವ ಮೊದಲೇ, ಕಿವಿಯ ಮೇಲಿನ ಪೆನ್ಸಿಲ್ ಸಮೇತ ಅವರೂ ನನ್ನ ಪಕ್ಕ ತೂರಿದರು. ಹಿಂದೆಯೇ ಬಾಕಿ ಕೇಳಲು ಹಾಲಿನ ಹುಡುಗ ಬಂದ. ದಿವಾನದಡಿಯಿಂದ ಹೊರಚಾಚಿದ ನಾಲ್ಕು ಕಾಲುಗಳನ್ನು ಕಂಡವನೇ ಮೊಬೈಲ್ ಟಾರ್ಚು ಹಚ್ಚಿ ಬೋರಲು ಮಲಗಿದ.

“ಬಂಗಾರದ್ದಾ?” ಪಿಸುಗುಟ್ಟಿದ.

“ಮತ್ತೆ? ಸುಮ್‌ಸುಮ್ನೆ ಸಾರ್ ಬಗ್ಗೋರಾ?” ಅಂದರು ಆಚಾರ್ರು.

ಆಗಲೇ ನಿಜ ಹೇಳಿಬಿಡಬಹುದಿತ್ತು. ಆದರೆ ಮೂವರು ಗಂಡಸರು ಧೂಳಿನಲ್ಲಿ ಗಲ್ಲವೂರಿ ಮಲಗಿರುವಾಗ ಮಾಂಟೆಸ್ಸರಿಯ ವಿಷಯ ಎತ್ತುವುದು ಹೇಗೆ? ಅದೂ ಅಲ್ಲದೆ, ಅವರ ಶ್ರದ್ಧೆ ನೋಡಿ ನನಗೂ ಏನೋ ಕಳೆದಿರಬೇಕೆಂಬ ಗುಮಾನಿ ಹತ್ತಿತು. ನಾನೂ ತಡಕಾಡತೊಡಗಿದೆ. ಚನ್ನಪಟ್ಟಣದ ಬುಗುರಿ ಸಿಕ್ಕಿತು. ಗೌರಿಹಬ್ಬದ್ದಿರಬೇಕು, ಕಲ್ಲಾದ ಒಂದು ಕೋಡುಬಳೆ ಸಿಕ್ಕಿತು. ಕಾಫಿ ತಂದ ಹೆಂಡತಿ ಆರು ಪಾದಗಳೆದುರು ನಿಂತು, “ರೀ, ಇವುಗಳಲ್ಲಿ ನಿಮ್ಮವು ಯಾವುವು?” ಅಂದಳು.

“ಸಿಕ್ತು!” ಹುಡುಗ ಕೂಗಿದ. ಅವನ ಕೈಯಲ್ಲಿ ಕುಕ್ಕರಿನ ವೆಯಿಟ್ಟು. ಅದಕ್ಕಾಗಿ ಅವಳು ಮನೆಯೆಲ್ಲ ಜಾಲಾಡಿದ್ದಳು. ನನ್ನ ಯೋಜನೆಗೆ ಮಂಜೂರಾತಿ ಸಿಕ್ಕಿದ್ದು ಆ ವೆಯಿಟ್ಟಿನ ಪುಣ್ಯದಿಂದ.

ಮುಂದಿನದು ಬೇಗ ಮುಗಿಯಿತು. ಕಿಟಕಿಯ ಬೆಳಕಿಗೆ ಎರಡೂವರೆ ಅಡಿಯ ಕಪಾಟು, ಮುಖಪುಟಗಳೇ ಎದುರು ಕಾಣುವಂತೆ ಅಡ್ಡಪಟ್ಟಿ. ಅಕ್ಷರ ಬಾರದವಳಿಗೆ ಪುಸ್ತಕದ ಬೆನ್ನು ತೋರಿಸಿ ಏನು ಭಾಗ್ಯ? ಉಪ್ಪುಕಾಗದ ಉಜ್ಜಿ ಮೂಲೆಗಳನ್ನು ಗುಂಡಗೆ ಮಾಡಿಸಿದೆ. ಹತ್ತಲು ಹೋದರೆ ಮೈಮೇಲೆ ಬೀಳದಿರಲೆಂದು ಗೋಡೆಗೆ ಸ್ಕ್ರೂ ಬಿಗಿಸಿದೆ. ‘ಕಿಡ್ಸ್ ಥೀಮ್’ ಎಂದು ಗೋಡೆ ತುಂಬ ಜಿರಾಫೆ ಬರೆಸಿ ಲಕ್ಷ ಕೇಳುವ ಒಳಾಂಗಣ ಪಂಡಿತರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಆ ಜಿರಾಫೆಯ ಮುಖ ಅಪ್ಪನಿಗೆ ಕಾಣುತ್ತದೆ. ಮಗುವಿಗೆ ಬರೀ ಗೊರಸು.

“ನಮ್ ಮೊಮ್ಮಗನ ಅಂಗನವಾಡೀಲೂ ಆಟದ ಸಾಮಾನಿದೆ ಸಾರ್” ಅಂದರು ಆಚಾರ್ರು, ಸ್ಕ್ರೂ ತಿರುಗಿಸುತ್ತಾ. “ಬೀರು ಒಳಗೆ. ಬೀಗ ಹಾಕಿರ್ತಾರೆ. ಒಡೆದ್ರೆ ಲೆಕ್ಕ ಕೊಡೋರ್ಯಾರು? ಮೇಡಂ ತಾನೆ, ಪಾಪ.” ರಾಜ್ಯದ ಮೊದಲ ಅಂಗನವಾಡಿಗಳು 1975ರಲ್ಲಿ ನಮ್ಮ ಮೈಸೂರು ಜಿಲ್ಲೆಯ ತಿ. ನರಸೀಪುರದಲ್ಲೇ ಶುರುವಾದದ್ದು ಎಂದು ಹೆಮ್ಮೆಯಿಂದ ಹೇಳಹೊರಟಿದ್ದವನು ಮಾತು ನುಂಗಿಕೊಂಡೆ. ಉಳಿದ ಪ್ಲೈವುಡ್ ತುಂಡುಗಳನ್ನು ಅವರು ಕೇಳಿ ಒಯ್ದರು.

ಮೊಮ್ಮಗಳು ಕಪಾಟಿನಿಂದ ಪುಸ್ತಕಗಳನ್ನು ತಾನೇ ಎತ್ತಿಕೊಳ್ಳುತ್ತಾಳೆ, ಅದು ನನ್ನ ಗೆಲುವು. ಎತ್ತಿಕೊಂಡು ನೆಟ್ಟಗೆ ಅಡುಗೆಮನೆಯ ಹೊಸ್ತಿಲಿಗೆ ಹೋಗಿ ಕೂರುತ್ತಾಳೆ, ಅದು ಅಜ್ಜಿಯ ಗೆಲುವು. ಜನವಿಲ್ಲದ ಮೂಲೆಯಲ್ಲಿ ಒಬ್ಬಳೇ ಕೂತು ಓದಲು ಅವಳೇನು ಪಿಂಚಣಿದಾರಳೇ? ಅಲ್ಲಿ ಒಗ್ಗರಣೆಯ ಸದ್ದಿದೆ, ಬೈಯಲು ಅಜ್ಜಿ ಇದ್ದಾಳೆ. ಕಪಾಟನ್ನೇ ಅಲ್ಲಿಗೆ ಸರಿಸೋಣವೆಂದು ಟೇಪು ಹಿಡಿದರೆ ಬಾಗಿಲು ಮತ್ತೆ ಮುಂದಕ್ಕೆ ಬಂತು.

ಮೊನ್ನೆ ಆಚಾರ್ರ ಫೋನು. ಅಷ್ಟು ಹೊತ್ತಿಗೆ ನನ್ನ ಅಂಬೆಗಾಲಿನ ಗುಟ್ಟು ಅವರಿಗೂ ತಿಳಿದಿತ್ತು.

“ಸಾರ್, ಸರಸ್ವತಿಪುರಂನಲ್ಲಿ ಒಂದು ಪಾರ್ಟಿ ಇದೆ. ಮಗೂಗೆ ರೂಮ್ ಮಾಡಿಸ್ತಾರಂತೆ. ಒಂದ್ಸಲ ಬಂದು, ಹಂಗೇ ನಾಲ್ಕು ಕಾಲಲ್ಲಿ ಓಡಾಡಿ ನೋಡಿ ಹೇಳ್ತೀರಾ?”

ಟೈಲ್ಸೋ ರೆಡ್ ಆಕ್ಸೈಡೋ ಎಂದು ಕೇಳಿದ್ದೇನೆ. ಟೈಲ್ಸಾದರೆ ಮಂಡಿಗೆ ತಂಪು ಹತ್ತುತ್ತದೆ.